ಮುಕ್ಕಾಲು ತುಂಬಿದ ವೃತ್ತ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಚಾರ್ಟಿನ ವೃತ್ತಗಳನ್ನು ಕಪ್ಪು ಸ್ಕೆಚ್ ಪೆನ್ನಿನಲ್ಲಿ ತುಂಬಿದ್ದೆ ಎಂದು ನನ್ನ ನೆನಪು. ಆಗಿನ ಡೈರಿಯಲ್ಲಿ ‘ಹಸಿರು ಪೆನ್ನು ತರಬೇಕು’ ಎಂದಿದೆ. ಅತ್ತೆ ಹಟ ಹಿಡಿದದ್ದು ಮೂರು ದಿನವೋ ಐದು ದಿನವೋ, ಅದೂ ಖಚಿತವಿಲ್ಲ. ಆದರೆ ಅವಳ ವೃತ್ತದಲ್ಲಿ ಕಾಲು ಭಾಗ ಖಾಲಿ ಬಿಟ್ಟ ಕೈ ನನ್ನದೇ. ಅದು ಮರೆತುಹೋಗಿದ್ದರೆ ಚೆನ್ನಾಗಿತ್ತು.

ಎಂಎಸ್‌ಡಬ್ಲ್ಯು ಮುಗಿಸಿ ಒಂದು ವರ್ಷ ಮನೆಯಲ್ಲಿದ್ದವಳಿಗೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಎಚ್‌ಆರ್ ಕೆಲಸ ಖಾಲಿ ಇದೆ ಎಂಬ ಸುದ್ದಿ ತಂದವಳು ಅತ್ತೆ, ಅಪ್ಪನ ತಂಗಿ. ಅಲ್ಲಿ ಪಂಪುಗಳಿಗೆ ಬೇಕಾದ ಉಕ್ಕಿನ ಬುಶ್‌ಗಳು, ಅಂದರೆ ದಪ್ಪ ಬಳೆಯಂಥ ಬಿಡಿಭಾಗಗಳು, ತಯಾರಾಗುತ್ತಿದ್ದವು. ಲೇತ್‌ನಿಂದ ಬಂದ ಬುಶ್‌ಗಳನ್ನು ಟ್ಯೂಬ್‌ಲೈಟಿನ ಕೆಳಗೆ ಒಂದೊಂದಾಗಿ ಹೊರಳಿಸಿ, ಬಿರುಕು ಬಿಟ್ಟದ್ದನ್ನು ಬೇರೆ ಇಡುವುದು ಅತ್ತೆಯ ಕೆಲಸ. ಹದಿನೆಂಟು ವರ್ಷದಿಂದ ಅದೇ ಮೇಜು. ನಾನು ಸೇರುವ ಹಿಂದಿನ ದಿನ ರಾಜಗೋಪಾಲನಗರದ ತನ್ನ ಮನೆಗೆ ಕರೆಸಿ ಒಂದು ಷರತ್ತು ಹಾಕಿದಳು.

“ಗೇಟ್ ಒಳಗೆ ನಾನು ನಿನ್ನ ಅತ್ತೆ ಅಲ್ಲ ಕಣೆ. ನೀನು ಮೇಡಂ. ಯಾರಾದ್ರೂ ಕೇಳಿದ್ರೆ, ಒಂದೇ ಏರಿಯಾದವರು ಅಷ್ಟೇ ಅನ್ನು.”

ಹೊಸಬರು ಯಾರೇ ಬಂದರೂ, ಡಿಗ್ರಿ ಮಾಡಿದ ಇಂಜಿನಿಯರುಗಳೂ ಸೇರಿ, ಮೊದಲ ವಾರ ಕೂರುತ್ತಿದ್ದದ್ದು ಅವಳ ಪಕ್ಕದಲ್ಲಿ. ನಾನೂ ಕೂತಿದ್ದೆ. ಒಳ್ಳೆಯ ಬುಶ್‌ಗಳಿದ್ದ ಟ್ರೇಯಲ್ಲಿ ಬಿರುಕಿನದೊಂದನ್ನು ಬಚ್ಚಿಟ್ಟು ಮುಂದೆ ತಳ್ಳುತ್ತಿದ್ದಳು. ಅದಕ್ಕೆ ಅವಳು ಇಟ್ಟ ಹೆಸರು ಕಳ್ಳ. ಟೀ ಬರುವುದರೊಳಗೆ ಹಿಡಿಯಬೇಕು.

“ಮೇಡಂ, ಕಳ್ಳ ನಿಮ್ಮ ಮುಂದೇನೇ ಕೂತವ್ನೆ. ನೀವು ನೋಡಿದ್ರೆ ಪೊಲೀಸರ ತರ ಟೀ ಕುಡೀತಾ ಇದ್ದೀರ!”

ಇಡೀ ಶೆಡ್ಡು ನಕ್ಕಿತ್ತು. ನಾನು ಕಳ್ಳನನ್ನು ಹಿಡಿದದ್ದು ನಾಲ್ಕನೇ ದಿನ.

ಮರುವರ್ಷ ಒಬ್ಬರು ಸಲಹೆಗಾರರು ಬಂದರು. ಪ್ರತಿ ಕೆಲಸಗಾರರ ಕೌಶಲ ಗೋಡೆಯ ಮೇಲೆ ಕಾಣಬೇಕು ಎಂದರು. ಹೆಸರಿನ ಮುಂದೆ ನಾಲ್ಕು ಭಾಗ ಮಾಡಿದ ಒಂದು ವೃತ್ತ. ಕಾಲು ತುಂಬಿದ್ದರೆ ಕಲಿಯುತ್ತಿದ್ದಾರೆ. ಅರ್ಧ ಎಂದರೆ ಇನ್ನೊಬ್ಬರ ಉಸ್ತುವಾರಿಯಲ್ಲಿ ಮಾಡಬಲ್ಲರು. ಮುಕ್ಕಾಲು ಎಂದರೆ ಒಬ್ಬರೇ ಮಾಡಬಲ್ಲರು. ಪೂರ್ತಿ ಎಂದರೆ ಇನ್ನೊಬ್ಬರಿಗೆ ಕಲಿಸಬಲ್ಲರು. ಪೂರ್ತಿ ತುಂಬಲು ತರಬೇತಿಯ ಸರ್ಟಿಫಿಕೇಟ್ ಬೇಕು. ಇಲ್ಲದಿದ್ದರೆ ‘ಅನುಭವದ ಆಧಾರದ ಮೇಲೆ’ ಎಂದು ಬರೆದು ಎಚ್‌ಆರ್ ಸಹಿ ಹಾಕಬಹುದು. ಎಚ್‌ಆರ್ ಎಂದರೆ ನಾನು.

ಲೇತ್ ಫೋರ್‌ಮನ್ ಅವರ ಹತ್ತಿರವೂ ಸರ್ಟಿಫಿಕೇಟ್ ಇರಲಿಲ್ಲ. ಅವರ ಪೂರ್ತಿ ವೃತ್ತಕ್ಕೆ ಸಹಿ ಹಾಕಿದೆ, ಯೋಚನೆಯನ್ನೇ ಮಾಡದೆ. ಅತ್ತೆಯ ಹೆಸರಿಗೆ ಬಂದಾಗ ಕೈ ನಿಂತಿತು. ನಾಳೆ ಸಂಬಂಧ ಗೊತ್ತಾದರೆ? ಮನೆಯವರಿಗೆ ಹಾಕಿಕೊಟ್ಟಳು ಅನ್ನುವುದಿಲ್ಲವೇ? ಎಸ್ಎಸ್ಎಲ್‌ಸಿ ಓದಿದ ಅತ್ತೆಗೆ ಮುಕ್ಕಾಲು ತುಂಬಿ, ನಿಯಮ ಪಾಲಿಸಿದೆ ಎಂದುಕೊಂಡೆ. ಅದು ಪ್ರಾಮಾಣಿಕತೆ ಎಂದು ಆಗ ನಿಜವಾಗಿ ನಂಬಿದ್ದೆನೇ, ಈಗ ಹಾಗೆ ಬರೆದುಕೊಳ್ಳುತ್ತಿದ್ದೇನೆಯೇ, ತಿಳಿಯದು.

ಆಮೇಲೆ ಬಂತು ಕ್ಯಾಮೆರಾ ಲೈನಿನ ಸುದ್ದಿ. ಬಿರುಕುಗಳನ್ನು ಇನ್ನು ಯಂತ್ರವೇ ನೋಡುತ್ತದೆ. ಅದು ಹಿಡಿದದ್ದು ನಿಜಕ್ಕೂ ಬಿರುಕೇ ಎಂದು ನೋಡಿ ಅದನ್ನು ನಡೆಸಲು ಪೂರ್ತಿ ವೃತ್ತದವರು ಮಾತ್ರ ಬೇಕು. ಉಳಿದವರ ಗುತ್ತಿಗೆ ಮಾರ್ಚಿಗೆ ಮುಗಿಯುತ್ತದೆ. ಅತ್ತೆಯದೂ. ಹೊಸ ಲೈನಿಗೆ ಡಿಪ್ಲೊಮಾ ಸರ್ಟಿಫಿಕೇಟ್ ಇದ್ದ ಇಬ್ಬರು ಹುಡುಗಿಯರನ್ನು ತೆಗೆದುಕೊಂಡರು. ಪ್ರೊಡಕ್ಷನ್ ಮ್ಯಾನೇಜರ್ ಅವರಿಬ್ಬರನ್ನೂ ಕರೆದುಕೊಂಡು ನೇರವಾಗಿ ಅತ್ತೆಯ ಮೇಜಿಗೆ ಬಂದರು.

“ಅಮ್ಮಾ, ಇವರನ್ನ ಪಕ್ಕ ಕೂರಿಸ್ಕೊಂಡು ಒಂದು ತಿಂಗಳಲ್ಲಿ ರೆಡಿ ಮಾಡ್ಬಿಡಿ.”

ಅತ್ತೆ ಕೈಯಲ್ಲಿದ್ದ ಬುಶ್ ಕೆಳಗಿಟ್ಟಳು. “ನನಗೆ ಕಲಿಸಕ್ಕೆ ಬರಲ್ಲ ಸಾರ್.”

“ಏನ್ರೀ ಹಂಗಂದ್ರೆ?”

“ನಾನಂದಿದ್ದಲ್ಲ ಸಾರ್, ನೀವೇ ಗೋಡೆ ಮೇಲೆ ಹಾಕಿದ್ದೀರಲ್ಲ. ನಂದು ಮುಕ್ಕಾಲು. ಕಾಲು ಕಮ್ಮಿ ಇರೋಳ ಹತ್ರ ಪಾಪ ಮಕ್ಕಳು ಏನ್ ಕಲೀತಾವೆ? ಪೂರ್ತಿ ಇರೋರ್ನ ಕರೀರಿ.”

ಫೋರ್‌ಮನ್ ದೂರದಿಂದಲೇ ಕೈ ಮುಗಿದರು. “ನನ್ನ ಯಾಕಕ್ಕ ಎಳೀತೀಯಾ? ನನ್ನ ಕಣ್ಣಿಗೆ ಕಳ್ಳ ಯಾವತ್ತಾದ್ರೂ ಸಿಕ್ಕಿದ್ದಾನಾ?”

ಅತ್ತೆ ನಗಲಿಲ್ಲ. ನನ್ನತ್ತ ನೋಡಿದಳು. ಹಾಗೆಂದು ನನ್ನ ನೆನಪು. ನನ್ನ ಹಿಂದೆಯೇ ಚಾರ್ಟ್ ಇತ್ತು, ಅದನ್ನೇ ನೋಡಿರಬಹುದು.

ತನ್ನ ಕೆಲಸವನ್ನು ಅವಳು ಬಿಡಲಿಲ್ಲ. ದಿನವೂ ಅಷ್ಟೇ ಟ್ರೇ ಮುಗಿಸಿದಳು. ಹುಡುಗಿಯರಿಗೆ ತನ್ನ ಡಬ್ಬಿಯಿಂದ ಚಿತ್ರಾನ್ನವನ್ನೂ ಕೊಟ್ಟಳು. ಬಿರುಕಿನ ಬಗ್ಗೆ ಮಾತ್ರ ಬಾಯಿ ಬಿಡಲಿಲ್ಲ. ಅವರು ಆರಿಸಿದ ಟ್ರೇಗಳೆಲ್ಲ ಬಿರುಕು ಉಳಿದಿದೆ ಎಂದು ವಾಪಸ್ ಬಂದವು.

ಮ್ಯಾನೇಜರ್ ನನ್ನನ್ನು ಕ್ಯಾಬಿನ್ನಿಗೆ ಕರೆದರು. “ಮೇಡಂ, ಆ ಕಾಲು ಭಾಗ ತುಂಬಿಬಿಡಿ. ಒಂದು ಚಿತ್ರ ತಾನೆ?”

“ತುಂಬ್ತೀನಿ ಸಾರ್. ಆದ್ರೆ ಪೂರ್ತಿ ಆದೋರು ಹೊಸ ಲೈನಿಗೆ ಹೋಗ್ಬೇಕು. ಮೊದಲು ಅವರಿಗೆ ಲೆಟರ್ ಕೊಡಿ.”

“ನಿಮಗ್ಯಾಕ್ರೀ ಅವರ ಮೇಲೆ ಇಷ್ಟು ಅಕ್ಕರೆ?”

“ಅವರು ನಮ್ಮ ಸೋದರತ್ತೆ. ಅದಕ್ಕೇ ಹೆದರಿ ಖಾಲಿ ಬಿಟ್ಟಿದ್ದೆ. ತಪ್ಪು ನಂದು. ಫೋರ್‌ಮನ್ ಅವರಿಗೆ ಸಹಿ ಹಾಕಿದ ಹಾಗೇ ಇವರಿಗೂ ಹಾಕ್ಬೇಕಿತ್ತು.”

ಇದನ್ನು ಗಟ್ಟಿಯಾಗಿ ಹೇಳಿದೆ ಎಂದೇ ನನಗೆ ನೆನಪು. ಗಾಜಿನ ಆಚೆಯಿದ್ದ ಅತ್ತೆ, ಲೇತ್ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ ಅನ್ನುತ್ತಾಳೆ. ಧ್ವನಿ ಅಷ್ಟೇನೂ ಏರಿರಲಿಲ್ಲವೇನೋ. ಇರಲಿ, ಹೇಳಿದ್ದಂತೂ ಹೌದು.

ಮರುದಿನವೇ ಹೊಸ ಲೈನಿನ ಕೆಲಸದ ಲೆಟರ್ ಬಂತು, ಇಂಗ್ಲಿಷಿನಲ್ಲಿ. ಅತ್ತೆ ಅದನ್ನು ನನ್ನಿಂದ ಎರಡು ಸಲ ಓದಿಸಿ, ಡಬ್ಬಿಯ ಚೀಲದಲ್ಲಿಟ್ಟುಕೊಂಡು, ಆಮೇಲೆ ಹುಡುಗಿಯರ ಮುಂದೆ ಟ್ರೇ ತಳ್ಳಿದಳು. ಈಗ ಅವಳು ಯಂತ್ರದ ಮುಂದೆ ಕೂತು, ಅದು ತೋರಿಸುವ ಚಿತ್ರಗಳಲ್ಲಿ ಯಾವುದು ಬಿರುಕು, ಯಾವುದು ಬರೀ ಎಣ್ಣೆಯ ಗೆರೆ ಎಂದು ಗುರುತು ಹಾಕುತ್ತಾಳೆ. “ಕ್ಯಾಮೆರಾಗೂ ನಾನೇ ಕಲಿಸ್ತಾ ಇದ್ದೀನಿ ಕಣೆ. ಅದರ ಹತ್ರ ಯಾವ ಸರ್ಟಿಫಿಕೇಟ್ ಐತೆ ಕೇಳು!”

ಸಂಬಂಧ ಮುಚ್ಚಿಟ್ಟದ್ದಕ್ಕೆ ಕಂಪನಿಯವರು ನನಗೆ ‘ವೃತ್ತಿಪರತೆ ಸಾಲದು’ ಎಂದರು. ಕೆಲಸ ಬಿಟ್ಟೆ. ಈಗ ಹೂಡಿಯ ಒಂದು ಟೆಕ್ ಪಾರ್ಕಿನಲ್ಲಿ ಅದೇ ವೃತ್ತಗಳನ್ನು ಪರದೆಯ ಮೇಲೆ ತುಂಬುತ್ತೇನೆ. ಬದಲಾಗುತ್ತಿರುವ ಮಾರುಕಟ್ಟೆಗೆ ಬೇಕಾದ ಕೌಶಲಗಳೆಂದು ನಮ್ಮ ಸ್ಲೈಡುಗಳಲ್ಲಿ ಹೊಂದಿಕೊಳ್ಳುವಿಕೆ, ಸಂವಹನ, ಸಮಸ್ಯೆ ಬಿಡಿಸುವ ಶಕ್ತಿ ಎಂದೆಲ್ಲ ಇದೆ. ಹೊಂದಿಕೊಳ್ಳಲು ಒಪ್ಪದೆ ಅತ್ತೆ ಮಿಕ್ಕ ಎರಡನ್ನೂ ತೋರಿಸಿದ್ದಳು. ‘ನೀವು ಯಾರಿಗೆ ಏನು ಕಲಿಸಿದ್ದೀರಿ?’ ಎಂಬ ಸಾಲೊಂದನ್ನು ನಮ್ಮ ಫಾರಂಗೆ ಸೇರಿಸಿದೆ. ಮೇಲಿನವರು ಎರಡು ಸಲ ತೆಗೆದರು. ಮೂರನೇ ಸಲ ಸೇರಿಸಿದ್ದೇನೆ. ತೆಗೆಯಲಿ, ಮತ್ತೆ ಸೇರಿಸುತ್ತೇನೆ.

ನನ್ನ ಈ ಹಟ ಅತ್ತೆಯಿಂದಲೇ ಬಂದದ್ದು ಎಂದು ಹೇಳಲು ಇಷ್ಟ. ಆದರೆ ಅದಕ್ಕೆ ಮುಂಚೆ ಒಂದು ವಿಷಯ ತಿಳಿಯಬೇಕಿತ್ತು. ಹೋದ ಅವರೆಕಾಯಿ ಕಾಲದಲ್ಲಿ, ಅವಳ ಮನೆಯ ತಾರಸಿಯಲ್ಲಿ ಇಬ್ಬರೂ ನೆನೆಸಿದ ಕಾಳು ಹಿದುಕುತ್ತಾ ಕೂತಿದ್ದಾಗ ಕೇಳಿಯೇಬಿಟ್ಟೆ. ಅವಳು ಹುಳುಕು ಕಾಳೊಂದನ್ನು ಆರಿಸಿ ಪಕ್ಕಕ್ಕೆ ಎಸೆದು, ತಟ್ಟೆಯನ್ನು ನನ್ನ ಕಡೆ ಇನ್ನಷ್ಟು ಸರಿಸಿದಳು. ನಾನು ಕೇಳಿದ್ದು ಇಷ್ಟೇ.

“ಅತ್ತೆ, ಆವತ್ತು ನೀನು ಹಟ ಹಿಡಿದಿದ್ದು ಯಾರ ಮೇಲೆ? ಕಂಪನಿ ಮೇಲಾ, ನನ್ನ ಮೇಲಾ?”