ಮೊಳೆಗೆ ಜಾಗವಿಲ್ಲದ ಗೋಡೆ

ಹೊಸ ಮನೆಯ ಗೋಡೆಗಳಿಗೆಂದು ಹಳೆಯ ಕಾಲದ ಚಿತ್ರಗಳನ್ನು ಆರಿಸುವಾಗ ಸಪನಾಳ ಕಣ್ಣ ಮುಂದಿದ್ದವಳು ಅತ್ತೆ ಸೀತವ್ವ ಒಬ್ಬಳೇ. ಯಾವ ಚಿತ್ರ ಆಕೆಗೆ ಹೆಚ್ಚು ಚುಚ್ಚೀತು ಎಂದು ಯೋಚಿಸಿಯೇ ಒಂದೊಂದನ್ನೂ ಬದಿಗೆ ಎತ್ತಿಟ್ಟಳು.

ಸಪನಾ ಮಿರಜಿನವಳು. ಅವಳ ಅಪ್ಪ ಪರಸಪ್ಪ ಅಲ್ಲಿ ಸಿತಾರ ಮಾಡುವವರ ಬಳಿ ಕೆಲಸಕ್ಕಿದ್ದ. ಸೋರೆ ಬುರುಡೆಯ ಮೇಲೆ ಕೊರೆಯಬೇಕಾದ ಬಳ್ಳಿ, ಎಲೆ, ನವಿಲುಗಳನ್ನು ಮೊದಲು ತೆಳು ಕಾಗದದ ಮೇಲೆ ಬರೆದುಕೊಡುವುದು ಅವನ ಕೆಲಸ. ಸಿತಾರ ಮಾರಾಟವಾಗಿ ಹೋಗುತ್ತಿತ್ತು, ಕಾಗದ ಮನೆಗೆ ಬರುತ್ತಿತ್ತು. ಕಾಮಾಲೆಯಾಗಿ ಅವನು ತೀರಿಕೊಂಡ ಮೇಲೆ ಅವ್ವ ಆ ಕಾಗದಗಳನ್ನೆಲ್ಲ ಸುರುಳಿ ಸುತ್ತಿ ತಗಡಿನ ಟ್ರಂಕಿಗೆ ತುಂಬಿ ಮಗಳ ಜೊತೆ ಹರಿಪುರಕ್ಕೆ, ಗಂಡನ ಮನೆಗೆ ಕಳಿಸಿದಳು. ಅಲ್ಲಿ ಮಧ್ಯಾಹ್ನದ ಹೊತ್ತು ಸಪನಾ ಟ್ರಂಕು ತೆಗೆದು ಒಂದೊಂದೇ ಸುರುಳಿ ಬಿಚ್ಚಿ ನೋಡಿ, ಮತ್ತೆ ಸುತ್ತಿಡುತ್ತಿದ್ದಳು. ಸೀತವ್ವ ಅಕ್ಕಿ ಆರಿಸುತ್ತ ಅದನ್ನು ನೋಡುತ್ತಿದ್ದಳು.

೨೦೧೯ರ ಮಹಾಪೂರ ಬಂದಾಗ ಸಪನಾ ಅವ್ವನಿಗೆ ಹುಷಾರಿಲ್ಲವೆಂದು ಮಿರಜಿಗೆ ಹೋಗಿದ್ದಳು. ರಸ್ತೆ ಮುಚ್ಚಿಹೋಯಿತು. ನೀರಿಳಿದ ಮೇಲೆ ಮನೆಯವರನ್ನು ಹುಡುಕಿಕೊಂಡು ಸಾಂಗಲಿಯ ಒಂದು ಶಾಲೆಗೆ ಬಂದಾಗ ಸೀತವ್ವ ನೆಲದ ಮೇಲೆ ಕೂತಿದ್ದಳು, ಪಕ್ಕದಲ್ಲಿ ಅದೇ ಟ್ರಂಕು ಇತ್ತು. ಸಪನಾಳಿಗೆ ಜೀವ ಬಂದಂತಾಯಿತು. ಮುಚ್ಚಳ ತೆಗೆದಳು. ಒಳಗೆ ಅತ್ತೆಯ ಸೀರೆಗಳು, ಒಂದು ಕೌದಿ, ಸೀರೆಗಳ ನಡುವೆ ಜೋಪಾನವಾಗಿ ಇಟ್ಟ, ತೀರಿಹೋದ ಮಾವ ದಶರಥನ ಫೋಟೋ.

"ಅತ್ತಿ, ನಮ್ಮಪ್ಪನ ಕಾಗದಾ?"

"ನೀರು ಹೊಸ್ತಿಲಾ ದಾಟಿತ್ತು. ಚೆಲ್ಲಿದ್ನಿ," ಎಂದಳು ಸೀತವ್ವ. "ಕಾಗದಾ ಏನ್ ಉಟ್ಕೊಳ್ಳಾಕ ಬರ್ತಿದ್ವೇನ?"

ಸಪನಾ ಮುಚ್ಚಳ ಹಾಕಿದಳು. ಹೊರಗೆ ಚಹಾ ಹಂಚುತ್ತಿದ್ದರು, ಅತ್ತೆಗೆ ಒಂದು ಲೋಟ ತಂದುಕೊಟ್ಟಳು. ಸೊಸೆ ಬಹಳ ಸಮಾಧಾನದವಳು ಎಂದು ಅಕ್ಕಪಕ್ಕದವರು ಹೊಗಳಿದರು. ಅವಳೊಳಗೆ ಏನು ಕಟ್ಟಿಕೊಂಡಿತು ಎಂಬುದು ಗಂಡ ಧೀರಜನಿಗೂ ತಿಳಿಯಲಿಲ್ಲ.

ಹರಿಪುರ ಬಿಟ್ಟು ಅವರು ಕುಪವಾಡದಲ್ಲಿ ಬಾಡಿಗೆಗೆ ನಿಂತರು. ಧೀರಜ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಫೌಂಡ್ರಿ ಸೇರಿದ. ಸಪನಾ ಮಿರಜಿನಲ್ಲಿ ಜಿನೇಂದ್ರ ಕಾಕಾನ ಫ್ರೇಮಿನ ಅಂಗಡಿಗೆ ಕೆಲಸಕ್ಕೆ ಹೋಗತೊಡಗಿದಳು. ಸಿರಿವಂತರ ಹಳೆಯ ವಾಡೆಗಳನ್ನು ಕೆಡವಿದಾಗ ಹೊರಬೀಳುವ ಚಿತ್ರಗಳು ಆ ಅಂಗಡಿಗೆ ಬರುತ್ತಿದ್ದವು. ಪೆನ್ಸಿಲಿನಲ್ಲಿ ಬರೆದ ಮುಖಗಳು, ಮಸಿಯಲ್ಲಿ ಬರೆದ ದೇವಸ್ಥಾನಗಳು, ಯಾರೋ ಎಂದೋ ಬರೆದ ಹೂವು, ಹಕ್ಕಿ. ಈಗಿನವರಿಗೆ ಹೊಸ ಮನೆಯಲ್ಲಿ ಹಳೆಯ ಚಿತ್ರ ಬೇಕು. ಕಾರಿನಲ್ಲಿ ಬರುತ್ತಿದ್ದರು, ಸೋಫಾದ ಬಣ್ಣ ಹೇಳಿ ಆರಿಸಿಕೊಂಡು ಹೋಗುತ್ತಿದ್ದರು.

ಅವರದೂ ಒಂದು ಮನೆಯಾಯಿತು. ಎರಡು ಖೋಲಿ, ಒಂದು ನಡುಮನೆ. "ಗ್ವಾಡಿ ಭಣಾ ಭಣಾ ಅಂತಾವ," ಎಂದ ಧೀರಜ. "ನಿಮ್ಮ ಅಂಗಡಿಯಿಂದ ಏನರ ತಗೊಂಡ ಬಾ."

ಮರುದಿನವೇ ಸಪನಾ ಚಿತ್ರಗಳ ಕಟ್ಟು ಬಿಚ್ಚಿ ಕೂತಳು. ಬೇರೆಯವರಿಗಾಗಿದ್ದರೆ ಕಾಗದ ಎಷ್ಟು ಹಣ್ಣಾಗಿದೆ, ಹುಳು ಎಲ್ಲಿ ತಿಂದಿದೆ, ಗೆರೆ ಎಷ್ಟು ಉಳಿದಿದೆ ಎಂದು ನೋಡುತ್ತಿದ್ದಳು. ಅಂದು ಅದಾವುದನ್ನೂ ನೋಡಲಿಲ್ಲ. ದೊಡ್ಡ ಪೇಟ ಸುತ್ತಿದ ಒಬ್ಬ ಮುದುಕನ ಚಿತ್ರ ತೆಗೆದಳು. ನತ್ತು ಇಟ್ಟ ಒಬ್ಬ ಹೆಂಗಸಿನದು ತೆಗೆದಳು, ಅವಳ ನೋಟದಲ್ಲಿ ಯಜಮಾನಿಯ ಸೊಕ್ಕಿತ್ತು. ನಡುಮನೆಯ ಗೋಡೆಯಲ್ಲಿ ಗೇಣು ಜಾಗವೂ ಉಳಿಯಬಾರದೆಂದು ಇನ್ನೂ ಕೆಲವು ಮುಖಗಳನ್ನು ಸೇರಿಸಿದಳು. ಕೊನೆಗೆ ಎತ್ತಿಕೊಂಡದ್ದು ಕಪ್ಪು ಮಸಿಯಲ್ಲಿ ಬರೆದ ನದಿಯ ಘಾಟಿನ ಒಂದು ಚಿತ್ರ. ಮೆಟ್ಟಿಲು ಒಂದೂ ಕಾಣದಂತೆ ನದಿ ಏರಿತ್ತು, ಗುಡಿಯ ಅರ್ಧ ನೀರಿನಲ್ಲಿತ್ತು.

"ಇದು ಬ್ಯಾಡ ಸಪನಾ," ಎಂದ ಜಿನೇಂದ್ರ ಕಾಕಾ. "ಮಹಾಪೂರಾ ಕಂಡವರು ನೀವು. ಮನ್ಯಾಗ ಯಾಕ ಹಾಕ್ಕೋತಿ?"

"ಅತ್ತಿ ಖೋಲಿಗಿ, ಕಾಕಾ."

ಜಿನೇಂದ್ರ ಕಾಕಾ ಅವಳ ಮುಖ ನೋಡಿದ. ಚಿತ್ರಕ್ಕೆ ಗಾಜು ಕೊಯ್ದುಕೊಟ್ಟ.

ಘಾಟಿನ ಚಿತ್ರವನ್ನು ಸಪನಾ ಅತ್ತೆಯ ಮಂಚದ ಎದುರಿಗೇ ತೂಗುಹಾಕಿದಳು, ಎದ್ದು ಕಣ್ಣು ಬಿಟ್ಟರೆ ನೀರೇ ಕಾಣುವ ಹಾಗೆ. ಸೀತವ್ವ ಅದನ್ನು ಕಂಡ ದಿನ ಊಟ ಮಾಡಲಿಲ್ಲ. ಆಮೇಲೆ ಗೋಡೆಗೆ ಬೆನ್ನು ಹಾಕಿ ಮಲಗುವುದನ್ನು ರೂಢಿ ಮಾಡಿಕೊಂಡಳು. ಸಪನಾ ಬಾಗಿಲಲ್ಲಿ ನಿಂತು ಆ ಬೆನ್ನನ್ನು ನೋಡುತ್ತಿದ್ದಳು. ನೋಡಿದಾಗಲೆಲ್ಲ ಎದೆ ಹಗುರಾಗುತ್ತಿತ್ತು.

ವಾಸ್ತುಶಾಂತಿಗೆ ನೆರೆಯವರು ಬಂದರು. ದುಂಡವ್ವ ಎಂಬ ಪಕ್ಕದ ಮನೆಯವಳು ನಡುಮನೆಯಲ್ಲಿ ನಿಂತು ಬೆರಗಾಗಿ, "ಇವರೆಲ್ಲಾ ನಿಮ್ಮ ಹಿರ್ಯಾರೇನ್ರಿ?" ಎಂದು ಕೇಳಿದಳು.

ಸೀತವ್ವ ಬಾಯಿ ತೆರೆಯುವುದರೊಳಗೆ ಸಪನಾ, "ಹೌದ್ರಿ, ನಮ್ಮ ಹಿರ್ಯಾರು," ಎಂದಳು. ದುಂಡವ್ವ ಪೇಟದ ಮುದುಕನಿಗೆ ಕೈ ಮುಗಿದಳು.

ಜನ ಹೋದ ಮೇಲೆ ಸೀತವ್ವ ದಶರಥನ ಫೋಟೋ ಎದೆಗೆ ಒತ್ತಿ ಹಿಡಿದು ನಡುಮನೆಗೆ ಬಂದಳು. ಹರಿಪುರದಲ್ಲಿ ಆ ಫೋಟೋ ಬಾಗಿಲಿಗೆ ಎದುರಾಗಿ ಇರುತ್ತಿತ್ತು.

"ನಿಮ್ಮ ಮಾವಗ ಒಂದು ಮೊಳಿ ಹೊಡಿ."

"ಜಾಗಾ ಎಲ್ಲೈತ್ರಿ?"

"ಯಾವನೋ ಏನೋ, ಅವನ್ನ ಗ್ವಾಡಿಗಿ ಹಾಕಿ ಹಿರ್ಯಾ ಅಂತಿ. ಮನಿ ಯಜಮಾನನ್ನ ಟ್ರಂಕಿನಾಗ ಇಡ್ತೀ?"

"ಟ್ರಂಕಿನಾಗ ಛಲೋ ಇರ್ತಾರ್ರಿ ಅತ್ತಿ. ನೀವ ಜಾಗಾ ಮಾಡಿ ಕೊಟ್ಟೀರಲ್ಲ."

ಧೀರಜ ಸುತ್ತಿಗೆ ಹುಡುಕಲು ಎದ್ದ. ಹೆಂಡತಿ ಅವನತ್ತ ತಿರುಗಿ, "ಮೊಳಿ ಹೊಡದ್ರ ನಾ ಕಿತ್ತ ಒಗೀತೀನ್ರಿ," ಎಂದಳು. ಅವನು ಆ ದನಿಯನ್ನು ಹಿಂದೆಂದೂ ಕೇಳಿರಲಿಲ್ಲ. ಅಲ್ಲೇ ಕುರ್ಚಿಯ ಮೇಲೆ ಕೂತುಬಿಟ್ಟ.

ಸೀತವ್ವ ಅಳಲಿಲ್ಲ. ಸೊಸೆಯನ್ನು ಮೊದಲ ಸಲ ಕಂಡವಳಂತೆ ನೋಡಿದಳು. "ಕಾಗದದ ಸಿಟ್ಟು ಇನ್ನೂ ಇಟ್ಕೊಂಡೀ?"

"ಇಟ್ಕೊಂಡೀನ್ರಿ."

"ಹಂಗಾರ ಖರೇನ ಹೇಳ್ತೀನಿ ಕೇಳು. ಕೌದಿ ಗಂಟು ಕಟ್ಕೊಂಡ ಒಯ್ಯಾಕ ಬರ್ತಿತ್ತು. ಟ್ರಂಕ ಬರಿದು ಮಾಡೂದು ಬೇಕಾಗಿರಲಿಲ್ಲ. ಬಳ್ಳಿ, ನವಿಲಾ, ಎಲ್ಲಾ ನೋಡಿದ್ನಿ. ಛಲೋ ಬರದಿದ್ದ ನಿಮ್ಮಪ್ಪ. ನೋಡೇ ನೀರಿಗಿ ಬಿಟ್ಟಿನಿ."

"ಯಾಕ್ರಿ?"

"ದಿನಾ ಟ್ರಂಕ ತಗದು ಸತ್ತ ಅಪ್ಪನ ಮುಂದ ಕುಂತಂಗ ಕುಂದರತಿದ್ದಿ. ನನ್ನ ಗಂಡನೂ ಸತ್ತಿದ್ದ. ಆ ಮನ್ಯಾಗ ಅವನ ಹೆಸರಾ ನೀ ಒಂದ ಸಲಾನೂ ತಗೀಲಿಲ್ಲ, ನನ್ನ ಮಗಾನೂ ತಗೀಲಿಲ್ಲ."

ಸಪನಾ ಇಷ್ಟು ವರ್ಷ ಕಾದದ್ದು ಒಂದು ಪಶ್ಚಾತ್ತಾಪದ ಮಾತಿಗೆ. ಅದರ ಬದಲು ಸಿಕ್ಕಿದ್ದು ಇದು. ಆದರೂ ಅಂದು ಅವಳಿಗೆ ವಿಚಿತ್ರವಾದ ನಿರಾಳ. ತನ್ನ ಸಿಟ್ಟು ತಪ್ಪಾಗಿರಲಿಲ್ಲ, ಅಪ್ಪನ ಬಳ್ಳಿಗಳನ್ನು ಹೊಳೆ ಒಯ್ದಿರಲಿಲ್ಲ, ಅತ್ತೆಯ ಈ ಕೈ ಒಯ್ದಿತ್ತು. ಅತ್ತೆಗೆ ಅವಳು ಹೇಳಿದ್ದು ಇಷ್ಟೇ: "ಘಾಟಿನ ಚಿತ್ರಾ ಅಲ್ಲೇ ಇರತೈತ್ರಿ."

"ಇರಲಿ. ನಾ ಇರಾಂಗಿಲ್ಲ."

ಮರುದಿನ ಬೆಳಿಗ್ಗೆ ಸೀತವ್ವ ಸೀರೆ ಗಂಟು ಕಟ್ಟಿ, ಫೋಟೋವನ್ನು ಟವೆಲಿನಲ್ಲಿ ಸುತ್ತಿ ಬುಧಗಾಂವದ ಕಿರಿಯ ಮಗ ಸ್ವಪ್ನಿಲನ ಮನೆಗೆ ಹೊರಟಳು. ಧೀರಜ ಬೈಕಿನ ಮೇಲೆ ಕರೆದೊಯ್ದ. ಸಪನಾ ಅವರನ್ನು ಕಳಿಸಲು ಬಾಗಿಲಿಗೆ ಬರಲಿಲ್ಲ, ಒಳಗೆ ರೊಟ್ಟಿ ಬಡಿಯುತ್ತಿದ್ದಳು.

ನೆಂಟರಿಷ್ಟರು ಅವಳನ್ನು ಬೈದರು, ಈಗಲೂ ಬೈಯುತ್ತಾರೆ. ಧೀರಜ ಬಹಳ ದಿನ ತಲೆ ತಗ್ಗಿಸಿಕೊಂಡು ಉಂಡ. ಪ್ರತಿ ರವಿವಾರ ಬುಧಗಾಂವಕ್ಕೆ ಹೋಗಿ ಬರುತ್ತಾನೆ. ಅಲ್ಲಿ ದಶರಥನ ಫೋಟೋ ಟಿವಿಯ ಮೇಲೆ ಇದೆಯಂತೆ, ಹಾರ ಬಾಡುವುದರೊಳಗೆ ಸೀತವ್ವ ಹೊಸದು ಹಾಕುತ್ತಾಳಂತೆ. ಸಪನಾ ಇದನ್ನು ಕೇಳಿಸಿಕೊಳ್ಳುತ್ತಾಳೆ.

ಹೋದ ದೀಪಾವಳಿಗೆ ಧೀರಜ ಧೈರ್ಯ ಮಾಡಿ ಕೇಳಿದ: "ಹಬ್ಬಕ್ಕರ ಅವ್ವನ್ನ ಕರ್ಕೊಂಡ ಬರಲೇನ?"

ಸಪನಾ ಚಕ್ಕುಲಿ ಕರಿಯುತ್ತಿದ್ದಳು. ಜಾಲರಿಯನ್ನು ಬಾಣಲೆಯ ಅಂಚಿಗೆ ಬಡಿದು ಎಣ್ಣೆ ಇಳಿಸಿದಳು.

"ಕರ್ಕೊಂಡ ಬರ್ರಿ. ಫೋಟೋ ಅಲ್ಲೇ ಇಟ್ಟ ಬರ್ಲಿ."

ಸೀತವ್ವ ಬರಲಿಲ್ಲ.