ಬುಕ್ಕಸಾಗರದ ಕಾಲುವೆ ಪರದೆಯ ಮೇಲೆ ಮೂಡಿದ್ದು

ಸಂಡೂರಿನ ಗುಡ್ಡಗಳಲ್ಲಿ ಅದಿರಿನ ಭರಾಟೆ ಎದ್ದಿದ್ದ ವರ್ಷಗಳವು. ಹೊಸಪೇಟೆಯ ಒಂದು ಸಣ್ಣ ಸರ್ವೆ ಕಚೇರಿಯಲ್ಲಿ ನಾನು ನಕ್ಷೆ ಬರೆಯುವ ಕೆಲಸಕ್ಕಿದ್ದೆ. ಗಣಿಗಳ ಗಡಿಯನ್ನು ಟ್ರೇಸಿಂಗ್ ಹಾಳೆಯ ಮೇಲೆ ಶಾಯಿಯಲ್ಲಿ ಎಳೆಯುವುದೇ ದಿನವಿಡೀ ಕೆಲಸ. ಬೆಳಿಗ್ಗೆ ಮೇಜು ಒರೆಸಿದರೆ ಮಧ್ಯಾಹ್ನಕ್ಕೆ ಮತ್ತೆ ಕೆಂಪು ಧೂಳು.

ಒಂದು ಚಳಿಗಾಲ ಧಾರವಾಡದಿಂದ ಸಂಶೋಧಕಿಯೊಬ್ಬರು ಬಂದರು. ಬುಕ್ಕಸಾಗರದಿಂದ ಕಂಪ್ಲಿಯ ಕಡೆಗೆ ಹರಿಯುವ ಹಳೆಯ ಕಾಲುವೆಯ ತೂಬುಗಳನ್ನೆಲ್ಲ ಅವರಿಗೆ ನಕ್ಷೆಯಲ್ಲಿ ಗುರುತಿಸಬೇಕಿತ್ತು. ಮಾಲೀಕರು ಆ ಕೆಲಸಕ್ಕೆ ನನ್ನನ್ನು ಕೊಟ್ಟರು. ಗದ್ದೆಗದ್ದೆಗೆ ನೀರು ಬಿಡುವ ನೀರುಗಂಟಿ ತಾತನ ಹಿಂದೆ ನಾಲ್ಕು ದಿನ ಏರಿಯ ಮೇಲೆ ನಡೆದೆ. ತಾತ ತೂಬು ತೋರಿಸುತ್ತಿದ್ದರು. ನಾನು ಕೈಯಲ್ಲಿನ ಜಿಪಿಎಸ್ ನೋಡಿ ಅಕ್ಷಾಂಶ, ರೇಖಾಂಶ ಬರೆದುಕೊಳ್ಳುತ್ತಿದ್ದೆ. ಒಟ್ಟು ಮೂವತ್ತೊಂದು ತೂಬು ಸಿಕ್ಕವು.

ಇನ್ನು ಶಾಯಿ, ಹಾಳೆ ತೆಗೆಯಬೇಕು ಅಂದುಕೊಂಡಿದ್ದೆ. ಮೇಡಂ ಚೀಲದಿಂದ ಒಂದು ಸಿ.ಡಿ. ತೆಗೆದರು.

"ಪೈಥಾನ್ ಅಂತ ಕಂಪ್ಯೂಟರ್ ಭಾಷಾ ಐತ್ರಿ. ಅಂಕಿ ಕೊಟ್ರ ನಕ್ಷಾ ಅದ ಬರೀತದ. ಈ ಕಂಪ್ಯೂಟರಿಗೆ ನೀವ ಹಾಕ್ರಿ, ನಾ ಬಾಜೂಕ ಕುಂದರ್ತೀನಿ."

ಕಚೇರಿಯ ಆ ಕಂಪ್ಯೂಟರಿನಲ್ಲಿ ಪತ್ರ ಟೈಪು ಮಾಡುವುದಷ್ಟೇ ನನಗೆ ಗೊತ್ತಿದ್ದದ್ದು. ಮೊದಲು ಪೈಥಾನ್, ಆಮೇಲೆ ಲೆಕ್ಕದ ಭಾಗ, ಚಿತ್ರ ಬರೆಯುವ ಭಾಗ, ಕೊನೆಗೆ ಭೂಪಟದ ಭಾಗ ಹಾಕಬೇಕಿತ್ತು. ಕೊನೆಯದಕ್ಕೆ ಬಂದಾಗ ಪರದೆ ತುಂಬ ತಪ್ಪು ತೋರಿಸುವ ಕೆಂಪು ಅಕ್ಷರ. ಭೂಪಟದ ಭಾಗಕ್ಕೆ ಹಳೆಯ ಪೈಥಾನೇ ಬೇಕಂತೆ, ನಾನು ಹಾಕಿದ್ದು ಹೊಸದು. ಎಲ್ಲ ತೆಗೆದು ಮತ್ತೆ ಮೊದಲಿನಿಂದ ಶುರು ಮಾಡಿದೆ. ಅರ್ಧಕ್ಕೆ ಕರೆಂಟು ಹೋಯಿತು. ಮೂರನೆಯ ಸಲವೂ ಶುರು ಮಾಡಿದೆ. ಕೊಟ್ಟ ಆಜ್ಞೆ, ಬಂದ ಉತ್ತರ ಎರಡನ್ನೂ ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಎದುರುಬದುರಾಗಿ ಬರೆದಿಡುತ್ತಿದ್ದೆ. ಈಗ ಆ ಕೆಲಸಕ್ಕೆ ಪರದೆಯ ಮೇಲೇ ನೋಟ್‌ಬುಕ್ ತೆರೆಯುತ್ತದೆ. ಆಗ ಇನ್ನೂ ಇರಲಿಲ್ಲ.

ಮೂರನೆಯ ದಿನ ಭೂಪಟದ ಭಾಗವನ್ನು ಕರೆಯುವ ಒಂದು ಸಾಲು ಟೈಪು ಮಾಡಿ ಎಂಟರ್ ಒತ್ತಿದೆ. ಏನೂ ಬರಲಿಲ್ಲ, ಕೆಂಪು ಅಕ್ಷರವೂ ಇಲ್ಲ.

"ಸುಮ್ನ ಕುಂತೈತ್ರಿ ಮೇಡಂ," ಅಂದೆ.

"ಸುಮ್ನಿದ್ರ ಒಪ್ಪಿಕೊಂಡದ ಅಂತ ಅರ್ಥ," ಎಂದು ಅವರು ನಕ್ಕರು.

ಮುಂದಿನ ಎರಡು ಸಾಲಿಗೆ ಭಾರತದ ಕರಾವಳಿ ಒಮ್ಮೆಲೇ ಪರದೆಯ ಮೇಲೆ ನಿಂತಿತು. ಅಂಥದೊಂದು ಗೆರೆಯನ್ನು ಕೈಯಲ್ಲಿ ತಿದ್ದಿ ತೀಡಲು ನನಗೆ ವಾರ ಬೇಕಾಗುತ್ತಿತ್ತು. ಕೈ ಕೀಲಿಮಣೆಯ ಮೇಲೇ ಉಳಿಯಿತು.

ನೀರುಗಂಟಿ ತಾತ ಸಂತೆಗೆ ಬಂದವರು ಅಷ್ಟೊತ್ತಿಗೆ ಕಚೇರಿಗೂ ಬಂದರು. ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು ತೂಬುಗಳ ಅಂಕಿ ಕೊಟ್ಟೆ. ಭಾರತದಲ್ಲಿ ಒಂದು ಚುಕ್ಕೆಯೂ ಕಾಣಲಿಲ್ಲ. ಮೇಡಂ ಇಡೀ ಜಗತ್ತಿನ ನಕ್ಷೆ ತೆರೆಸಿದರು. ಎಲ್ಲಕ್ಕೂ ಮೇಲೆ, ಉತ್ತರ ಧ್ರುವದ ಹತ್ತಿರ, ಹಿಮದ ಸಮುದ್ರದ ಅಂಚಿನಲ್ಲಿ ಒಂದೇ ಒಂದು ಕೆಂಪು ಚುಕ್ಕೆ. ಮೂವತ್ತೊಂದು ತೂಬೂ ಅಲ್ಲಿ ಒಂದರ ಮೇಲೊಂದು ಕೂತಿದ್ದವು.

"ಅದು ಯಾವೂರವ್ವಾ?" ಅಂದರು ತಾತ, ನನ್ನ ಕಡೆ ತಿರುಗಿ.

"ಬರೇ ಬರ್ಫ್ ಇರೋ ಊರು ತಾತ. ನಾ ಅಂಕಿ ಅದಲು ಬದಲು ಮಾಡೀನಿ," ಅಂದೆ.

"ಹಂಗಾರ ನಮ್ ನೆಲ್ಲಿನ ಗದ್ದಿಗೆ ಭಾಳ ಥಂಡಿ ಆಕ್ಕತಿ, ಜಲ್ದಿ ತಂದುಬಿಡು."

ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಅಕ್ಷಾಂಶ, ರೇಖಾಂಶಗಳ ಜಾಗ ಬದಲಿಸಿ, ನಮ್ಮ ಭಾಗವನ್ನಷ್ಟೇ ದೊಡ್ಡದು ಮಾಡಿ ಮತ್ತೆ ಒತ್ತಿದೆ.

ಚುಕ್ಕೆಗಳು ಬಂದವು. ಸಾಲಾಗಿ, ಬಂಡೆಗಳನ್ನು ಬಳಸಿಕೊಂಡು, ಸೊಂಟ ತಿರುಗಿಸಿದಂತೆ ಬಾಗುತ್ತಾ. ಏರಿಯ ಮೇಲೆ ನಡೆಯುವಾಗ ಅದು ಬರೀ ಕೆಸರು, ಬಿಸಿಲು. ಈಗ ನೋಡಿದರೆ ಎಲ್ಲೂ ಅವಸರವಿಲ್ಲದ ಒಂದೇ ಗೆರೆ. ನೀರು ನಿಲ್ಲಬಾರದು, ಓಡಲೂಬಾರದು ಎಂದು ಇಷ್ಟು ಉದ್ದಕ್ಕೂ ನೆಲದ ಇಳಿಜಾರನ್ನು ಹಿಡಿದವರು ಏನಿಟ್ಟುಕೊಂಡು ಅಳೆದರೋ!

ತಾತ ಎದ್ದು ಹತ್ತಿರ ಬಂದು, ಬೆರಳನ್ನು ಪರದೆಗೆ ತಾಗಿಸದೆ ಚುಕ್ಕೆಯಿಂದ ಚುಕ್ಕೆಗೆ ನಡೆಸಿದರು. ಬಾಗಿದ ಒಂದು ಕಡೆ ಬೆರಳು ನಿಂತಿತು.

"ಇಲ್ಲೊಂದು ಬಿಟ್ಟೀವಿ. ನಮ್ಮಪ್ಪ ಹೇಳ್ತಿದ್ದ, ಈ ತಿರುವಿನಾಗ ಒಂದೈತಿ ಅಂತ. ನಾ ಕಂಡಿಲ್ಲ."

ಉಳಿದೆಡೆ ಚುಕ್ಕೆಗಳು ಹೆಚ್ಚುಕಡಿಮೆ ಸಮ ದೂರದಲ್ಲಿದ್ದವು. ಅಲ್ಲಿ ಮಾತ್ರ ಎರಡರಷ್ಟು ಅಂತರ. ಆ ಅಂತರದ ನಡುವಿನ ಅಂಕಿಯನ್ನು ಲೆಕ್ಕ ಹಾಕಿಕೊಂಡು ಮರುದಿನ ಬೆಳಿಗ್ಗೆ ಮೂವರೂ ಹೋದೆವು. ಜಿಪಿಎಸ್ ಹೇಳಿದ ಜಾಗದಲ್ಲಿ ಬರೀ ಜಾಲಿ. ತಾತ ಕುಡುಗೋಲಿನಿಂದ ಸವರುತ್ತಾ ಹೋದರು. ಇಪ್ಪತ್ತು ಹೆಜ್ಜೆ ಆಚೆ ತೂಬಿನ ಕಲ್ಲು ಸಿಕ್ಕಿತು, ನಡುವೆ ದುಂಡನೆಯ ತೂತು, ಅದರ ತುಂಬ ಹೂಳು. ಕೈಹಾಕಿ ಬಗೆದಾಗ ಒಳಗಿಂದ ಸಣ್ಣಗೆ ನೀರು ಜಿನುಗಿತು. ತಾತ ತಲೆಗೆ ಸುತ್ತಿದ್ದ ವಲ್ಲಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಕಲ್ಲಿಗೆ ಕೈಮುಗಿದರು.

"ಬರಕೋ ಅವ್ವಾ," ಅಂದರು. ಈ ಸಲ ಅದಲು ಬದಲಾಗದಂತೆ ಅಂಕಿಗಳನ್ನು ಎರಡೆರಡು ಸಲ ನೋಡಿ ಬರೆದುಕೊಂಡೆ.