ಕೊರಿಯನ್ನಲ್ಲಿ ಐದು ಗಂಟೆ

ನಮ್ಮ ಕಡೆ ‘ಟೈಮ್ ಎಷ್ಟಾತು?’ ಎಂದು ಯಾರಾದರೂ ಕೇಳಿದರೆ ಅವರಿಗೆ ಟೈಮ್ ಬೇಕಾಗಿದೆ ಎಂದು ತಿಳಿಯಬಾರದು. ಹರಟೆಗೆ ಕೂತವರು ಏಳದಿದ್ದಾಗ ಮನೆಯಾಕೆ ಒಳಗಿನಿಂದ ಹಾಗೆ ಕೇಳುತ್ತಾಳೆ. ಕೂತವರು ಉತ್ತರ ಹೇಳುವುದಿಲ್ಲ, ಚಪ್ಪಲಿ ಹುಡುಕುತ್ತಾರೆ. ತಡವಾಗಿ ಬಂದ ಸೊಸೆಗೆ ಕಟ್ಟೆಯ ಮೇಲೆ ಕೂತ ಅತ್ತೆ ಕೇಳುವುದೂ ಅದನ್ನೇ. ಸೊಸೆ ತಲೆ ತಗ್ಗಿಸಿ ಒಳಗೆ ಹೋಗುತ್ತಾಳೆ. ಘೋಣಸಗಿಗೆ ಸೊಸೆಯಾಗಿ ಬಂದು ಇಪ್ಪತ್ತಾರು ವರ್ಷವಾದರೂ ಈ ಪ್ರಶ್ನೆಗೆ ನಾನು ಒಮ್ಮೆಯೂ ಉತ್ತರ ಕೊಟ್ಟವಳಲ್ಲ. ಅದನ್ನು ಕೊರಿಯನ್ ಭಾಷೆಯಲ್ಲಿ ಕೇಳಲು ಮತ್ತು ಹೇಳಲು ನಾನು ಕಲಿತದ್ದು ಒಂದು ಬಸ್ಸಿನ ಸಲುವಾಗಿ.

ವಿಜಯಪುರದ ಅಥಣಿ ರಸ್ತೆಯಲ್ಲಿ, ಹೊಸ ಲೇಔಟುಗಳು ಮುಗಿದು ಹೊಲಗಳು ಶುರುವಾಗುವಲ್ಲಿ, ಒಣದ್ರಾಕ್ಷಿ ಆರಿಸಿ ಪ್ಯಾಕ್ ಮಾಡುವ ಒಂದು ಘಟಕವಿದೆ. ಆರಿಸುವ ಹೆಣ್ಣುಮಕ್ಕಳಿಗೆಲ್ಲ ನಾನೇ ಮೇಸ್ತ್ರಿ. ಅವರಲ್ಲಿ ಏಳು ಮಂದಿ ನಮ್ಮೂರಿನವರು. ಅವರನ್ನು ಕೆಲಸಕ್ಕೆ ತರಲು ನಾನೂ ನಮ್ಮ ಅತ್ತೆಯೂ ಮನೆ ಮನೆ ತಿರುಗಿದ್ದೆವು. ಕುರಿ ಕಾಯುವವರ ಮನೆ, ಹೊಲ ಮಾಡುವವರ ಮನೆ, ಎಲ್ಲ ಕಡೆಯೂ ಹಿರಿಯರದು ಒಂದೇ ಮಾತು: ಹೊತ್ತು ಮುಳುಗಿದ ಮೇಲೆ ಹೆಣ್ಣುಮಕ್ಕಳು ರಸ್ತೆಯ ಮೇಲೆ ನಿಲ್ಲಬಾರದು. ಅತ್ತೆ ಪ್ರತಿ ಮನೆಯಲ್ಲೂ ಸೆರಗು ಸರಿ ಮಾಡಿಕೊಂಡು ಹೇಳಿದ್ದಳು, “ದೀಪ ಹಚ್ಚೂದ್ರಾಗ ಮನಿ ಮುಟ್ಟಸ್ತಾಳ ನನ್ನ ಸೊಸಿ. ಇದು ನನ್ನ ಮಾತು.”

ಆ ಮಾತು ನಿಂತಿದ್ದದ್ದು ಸಂಜೆ ಐದೂವರೆಯ ಬಸ್ಸಿನ ಮೇಲೆ. ಅದನ್ನು ಹಿಡಿದರೆ ಆರರ ಹೊತ್ತಿಗೆ ತಿಕೋಟಾ. ಅಲ್ಲಿ ನಮ್ಮೂರ ಟಮ್‌ಟಮ್ ಆಟೋ ನಮಗಾಗಿಯೇ ಕಾಯುತ್ತಿತ್ತು. ಆ ಬಸ್ಸು ತಪ್ಪಿದರೆ ಮುಂದಿನದು ಏಳು ದಾಟಿದ ಮೇಲೆ, ಟಮ್‌ಟಮ್ ಅಂತೂ ಇಲ್ಲವೇ ಇಲ್ಲ. ಗಂಡಸರು ಬೈಕು ತೆಗೆದುಕೊಂಡು, ಮುಖ ಗಂಟು ಹಾಕಿಕೊಂಡು ತಿಕೋಟಾಕ್ಕೆ ಬರಬೇಕು. ಒಂದು ವರ್ಷ ಆ ಬಸ್ಸು ನಮಗೆ ಒಂದು ದಿನವೂ ತಪ್ಪಿರಲಿಲ್ಲ.

ಆಮೇಲೆ ಮಶೀನು ಬಂತು. ದ್ರಾಕ್ಷಿಯ ಬಣ್ಣ ನೋಡಿ ಕಪ್ಪು, ಹಸಿರು, ಹಳದಿ ಎಂದು ತಾನೇ ಬೇರೆ ಮಾಡುವ ಮಶೀನು. ಅದನ್ನು ಕೂಡಿಸಲು ಕೊರಿಯಾದಿಂದ ಒಬ್ಬ ಇಂಜಿನಿಯರ್ ಬಂದರು. ಐವತ್ತರ ಆಸುಪಾಸು, ತಲೆ ಅರ್ಧ ನೆರೆತಿತ್ತು. ಚಹಾದ ಕಪ್ಪನ್ನು ಎರಡೂ ಕೈಯಿಂದ ತೆಗೆದುಕೊಳ್ಳುತ್ತಿದ್ದರು, ಕೊಟ್ಟವರಿಗೆ ತಲೆ ಬಾಗಿಸುತ್ತಿದ್ದರು. ಮೊದಲ ಮೂರು ದಿನ ಪುಣೆಯಿಂದ ಬಂದ ದುಭಾಷಿ ಇದ್ದ. ಅವನು ಹೋದ ಮೇಲೆ ನಡೆದದ್ದೆಲ್ಲ ಕೈಸನ್ನೆಯಲ್ಲಿ. ಮಾಲೀಕರ ಫೋನಿನ ಅನುವಾದಕ್ಕೆ ಮಶೀನಿನ ಗದ್ದಲದಲ್ಲಿ ನಮ್ಮ ಮಾತು ಕೇಳುತ್ತಲೇ ಇರಲಿಲ್ಲ.

ಮಶೀನು ಆರಿಸಿದ್ದು ಸರಿಯೋ ತಪ್ಪೋ ಎಂದು ನಾವು ಕೈಯಿಂದ ಮತ್ತೆ ಆರಿಸಿ ತೋರಿಸಬೇಕು. ಅದನ್ನು ನೋಡಿ ಅವರು ಏನೋ ತಿರುಗಿಸಿ ಮತ್ತೆ ಒಂದು ರಾಶಿ ಬಿಡುತ್ತಿದ್ದರು. ಸಂಜೆ ಐದಕ್ಕೆ ಹೊಸ ರಾಶಿ ಬಿಟ್ಟರೆ ಅದು ಮುಗಿಯುವುದು ಆರಕ್ಕೆ. ಆ ಮನುಷ್ಯ ಕೆಲಸದಲ್ಲಿ ಮುಳುಗಿದರೆ ಪ್ರಪಂಚ ಮರೆಯುವ ಜಾತಿ. ಆ ವಾರದಲ್ಲಿ ಎರಡು ಸಲ ಬಸ್ಸು ತಪ್ಪಿತು. ಎರಡು ಸಲವೂ ಮನೆ ಮುಟ್ಟುವಾಗ ಕತ್ತಲಾಗಿತ್ತು. ಎರಡನೆಯ ಸಲ ಅತ್ತೆ ಕಟ್ಟೆಯ ಮೇಲಿಂದ ಕೇಳಿದಳು, “ಟೈಮ್ ಎಷ್ಟಾತು?”

ನಾನು ಒಳಗೆ ಹೋದೆ. ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಮಾತು ಕೊಟ್ಟವಳು ಅತ್ತೆ. ಅವಳು ಕೇಳುವುದರಲ್ಲಿ ತಪ್ಪೇನೂ ಇರಲಿಲ್ಲ.

ಮರುದಿನ ಕೆಲಸಕ್ಕಿಂತ ಮೊದಲು ಸಿದ್ಧೇಶ್ವರ ಗುಡಿಯ ಹತ್ತಿರದ ಮಾಲೀಕರ ಮನೆಗೆ ಹೋದೆ. ಅವರು ಒಳ್ಳೆಯವರೇ. ಉಪ್ಪಿಟ್ಟು ತಿನ್ನಿಸಿ ಹೇಳಿದರು, “ಅಷ್ಟ ದೂರದಿಂದ ಬಂದಾರವ್ವಾ. ಮನಿಗೆ ಬಂದವ್ರಿಗೆ ಹೊತ್ತ ಆತು ಏಳ್ರಿ ಅಂತ ಹ್ಯಾಂಗ ಹೇಳೂದು? ನಾಕ ದಿನ ತಡಕೋರಿ.”

“ನಾಕ ದಿನದಾಗ ನಮ್ಮೂರ ಹೆಣ್ಮಕ್ಕಳು ಯಾರೂ ಉಳ್ಯಾಂಗಿಲ್ರಿ” ಎಂದೆ.

“ಮತ್ತೇನ್ ಮಾಡೂದು? ನೀನ ಹೇಳತೀಯೇನು?”

ಅವರು ನಗುತ್ತಾ ಅಂದ ಮಾತು ಅದು. ನನಗೆ ಅದು ಅಪ್ಪಣೆಯಂತೆ ಕೇಳಿಸಿತು. ನನ್ನ ಹಟ ನನ್ನ ತವರಿನವರಿಗೆ ಗೊತ್ತು.

ತವರು ಬಬಲೇಶ್ವರ. ಅಲ್ಲಿ ನನ್ನ ಅಕ್ಕನ ಮಗಳಿದ್ದಾಳೆ, ಕಾಲೇಜಿನ ಹುಡುಗಿ. ಎರಡು ವರ್ಷದಿಂದ ಮೊಬೈಲಿನಲ್ಲಿ ಕೊರಿಯಾದ ಧಾರಾವಾಹಿ ನೋಡಿ, ಪುಸ್ತಕ ತರಿಸಿ ಆ ಭಾಷೆ ಕಲಿಯುತ್ತಿದ್ದಳು. ‘ಇದರಿಂದ ಹೊಟ್ಟಿ ತುಂಬತೈತೇನ?’ ಎಂದು ಅವಳನ್ನು ಬೈದವರಲ್ಲಿ ನಾನೂ ಒಬ್ಬಳು. ಭಾನುವಾರ ಹೋಗಿ ಅವಳ ಮುಂದೆಯೇ ಚಕ್ಕಳಮಕ್ಕಳ ಹಾಕಿ ಕೂತೆ.

“ಟೈಮ್ ಕೇಳೂದು ಕಲಸು. ಮರ್ಯಾದಿಯಿಂದ ಕೇಳೂದು.”

ಹುಡುಗಿ ನಕ್ಕಳು. “ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನ, ಚಿಗವ್ವಾ?”

“ಬಗ್ಗೂದ ನನಗ ಬಿಡು. ನೀ ಕಲಸು.”

ಕೊರಿಯನ್ನರು ಹಿರಿಯರನ್ನು ಕೇಳುವ ಮೊದಲು ‘ಶಿಲ್ಲೇಹಾಜಿಮಾನ್’ ಎನ್ನಬೇಕಂತೆ, ನಾವು ‘ತ್ರಾಸ ಕೊಡತೀನಿ’ ಎಂದಂತೆ. ಆಮೇಲೆ ‘ಜಿಗುಮ್ ಮ್ಯೊತ್ ಶಿಯೇಯೊ?’, ಅಂದರೆ ಈಗ ಎಷ್ಟು ಗಂಟೆ. ಕೊನೆಯ ‘ಯೊ’ ನಮ್ಮ ‘ರಿ’ ಇದ್ದ ಹಾಗೆ, ಅದನ್ನು ನುಂಗಿದರೆ ಗೆಳೆಯನಿಗೆ ‘ಲೇ’ ಅಂದಂತಾಗುತ್ತದೆ ಎಂದು ಹೇಳಿಕೊಟ್ಟಳು. ಗಂಟೆಗೆ ಒಂದು ಥರದ ಎಣಿಕೆ, ನಿಮಿಷಕ್ಕೆ ಇನ್ನೊಂದು ಥರದ್ದು. ಅದು ನನಗೆ ಅಷ್ಟೇನೂ ವಿಚಿತ್ರ ಅನ್ನಿಸಲಿಲ್ಲ. ನಾವೂ ಒಂದು, ಎರಡು ಎಂದು ಎಣಿಸುವವರು ಒಂದೂವರೆ ತಾಸಿಗೆ ಬಂದ ಕೂಡಲೇ ‘ದೀಡ ತಾಸು’ ಅನ್ನುವುದಿಲ್ಲವೇ?

ಅಂದು ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಬಾಯಿಪಾಠ ಮಾಡಿದೆ. ಸೋಮವಾರ ಬೆಳಿಗ್ಗೆ ರೊಟ್ಟಿ ಬಡಿಯುವಾಗ ಒಂದು ರೊಟ್ಟಿಗೆ ಒಂದು ಗಂಟೆ ಹೇಳಿದೆ. ಹನ್ ಶಿ, ದು ಶಿ, ಸೆ ಶಿ, ನೆ ಶಿ, ದಾಸೊತ್ ಶಿ. ಅತ್ತೆ ಪಡಸಾಲೆಯಿಂದ ಇಣುಕಿ ನೋಡಿದಳು.

ಆ ಸಂಜೆ ಐದು ಗಂಟೆಗೆ ಇಂಜಿನಿಯರ್ ಹೊಸ ರಾಶಿಗೆ ಕೈ ಹಾಕಿದರು. ನಾನು ಕೈ ತೊಳೆದು ಅವರ ಮುಂದೆ ನಿಂತೆ. ಹಿಂದೆ ಏಳೂ ಮಂದಿ ಉಸಿರು ಹಿಡಿದು ನೋಡುತ್ತಿದ್ದರು.

“ಶಿಲ್ಲೇಹಾಜಿಮಾನ್, ಜಿಗುಮ್ ಮ್ಯೊತ್ ಶಿಯೇಯೊ?”

ಆ ಮನುಷ್ಯನ ಮುಖ ಅರಳಿದ್ದನ್ನು ನಾನು ಇಂದಿಗೂ ಮರೆತಿಲ್ಲ. ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನಾ ಕೆಳಗಿಟ್ಟರು, ಗಡಿಯಾರ ನೋಡಿದರು, ನನಗೆ ತಲೆ ಬಾಗಿಸಿದರು. ಆಮೇಲೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು, “ದಾಸೊತ್ ಶಿ, ಇ ಪುನಿಯೇಯೊ.” ಐದು ಗಂಟೆ ಎರಡು ನಿಮಿಷ. ನನ್ನ ‘ಮ್ಯೊತ್’ ಸರಿ ಇರಲಿಲ್ಲವೆಂದು ಮೂರು ಸಲ ಹೇಳಿಸಿ ತಿದ್ದಿದರು. ತಿದ್ದಿ, ಸಂತೋಷದಿಂದ, ಹೊಸ ರಾಶಿಯನ್ನು ಮಶೀನಿಗೆ ಬಿಟ್ಟರು.

ನಾನು ಬೆಪ್ಪಾಗಿ ನಿಂತೆ. ಟೈಮ್ ಕೇಳಿದರೆ ಅವರು ಟೈಮ್ ಹೇಳಿದ್ದರು. ಅವರ ಊರಿನಲ್ಲಿ ಆ ಪ್ರಶ್ನೆಗೆ ಅಷ್ಟೇ ಅರ್ಥವಿರಬೇಕು. ನಾನು ಮಾತನ್ನು ಮಾತ್ರ ಕಲಿತು, ಅದರೊಳಗಿನ ಚುಚ್ಚು ತಾನೇ ಅವರಿಗೆ ತಾಗುತ್ತದೆ ಎಂದುಕೊಂಡಿದ್ದೆ. ಐದೂಕಾಲಿಗೆ ಮತ್ತೆ ಕೇಳಿದೆ. ಮತ್ತೆ ಹೇಳಿದರು, ‘ಭೇಷ್’ ಎನ್ನುವಂತೆ ಚಪ್ಪಾಳೆಯನ್ನೂ ತಟ್ಟಿದರು. ಬಸ್ಸು ಮೂರನೆಯ ಸಲ ತಪ್ಪಿತು.

ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು, ಹೋದ ವರ್ಷ ಮದುವೆಯಾಗಿ ಬಂದ ಹುಡುಗಿ, ತಿಕೋಟಾದಲ್ಲಿ ಗಂಡನ ಬೈಕು ಹತ್ತುವ ಮೊದಲು ನನ್ನ ಕೈ ಹಿಡಿದಳು. “ನಾಳಿಯಿಂದ ಬರಂಗಿಲ್ಲ ಅಕ್ಕಾ. ಮಾವ ಬ್ಯಾಡ ಅಂದಾರ.” ಅಳಲಿಲ್ಲ. ಮಶೀನಿಗಿಂತ ಚುರುಕಾಗಿ ದ್ರಾಕ್ಷಿಯೊಳಗಿನ ಕಡ್ಡಿ ಆರಿಸುವ ಹುಡುಗಿ ಅದು. ಕೆಲಸಕ್ಕೆ ಬಂದ ಮೇಲೆಯೇ ಅವಳು ಬಾಯಿ ತೆರೆದು ನಗಲು ಕಲಿತದ್ದು. ಅವಳ ಹಿರಿಯರ ಮುಂದೆ ಸೆರಗು ಸರಿ ಮಾಡಿಕೊಂಡು ಮಾತು ಕೊಟ್ಟ ಅತ್ತೆಯ ಮುಖ ಕಣ್ಣ ಮುಂದೆ ಬಂತು.

ಆ ರಾತ್ರಿ ಕಟ್ಟೆಯಿಂದ ಪ್ರಶ್ನೆಯೂ ಬರಲಿಲ್ಲ. ಅತ್ತೆ ಮುಖ ತಿರುಗಿಸಿ ಕೂತಿದ್ದಳು. ಅದು ಇನ್ನೂ ಕೆಟ್ಟದ್ದು.

ಹಿತ್ತಲಿಗೆ ಹೋಗಿ ಅಕ್ಕನ ಮಗಳಿಗೆ ಫೋನ್ ಮಾಡಿದೆ. “ಕೇಳೂದು ಸಾಕು. ಹೇಳೂದು ಕಲಸು.”

“ಏನಂತ ಹೇಳಬೇಕು?”

“ಐದ ಗಂಟೆ ಆತ್ರಿ. ಐದೂವರಿಗೆ ಬಸ್ ಬರತೈತ್ರಿ. ನಾವು ಮನಿಗೆ ಹೋಗಬೇಕ್ರಿ.” ಹೇಳುವಾಗಲೇ ನನಗೆ ಒಂದು ಥರ ಅನ್ನಿಸಿತು. ಹೀಗೆ ನೆಟ್ಟಗೆ ನಾನು ಯಾರಿಗೂ ಕನ್ನಡದಲ್ಲಿ ಸಹ ಹೇಳಿರಲಿಲ್ಲ. ಹುಡುಗಿ ಕೇಳಿದಳು, “ಇಷ್ಟ ಸೀದಾ ಹೇಳಿದ್ರ ಸಿಟ್ಟಾಗಂಗಿಲ್ಲೇನ ಅವರು?”

“ಕಡೀಗೆ ಯೊ ಹಚ್ಚಿ ಕೊಡು. ಉಳದದ್ದು ನಾ ನೋಡಕೋತೀನಿ.”

ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮಾತು ಬಾರದವಳು ಏನು ಮಾಡಬೇಕೆಂದು ಯಾರೂ ಹೇಳಿಲ್ಲ, ಆದ್ದರಿಂದ ಕಲಿತೆ. ಮರುದಿನ ಇಡೀ ದಿನ, ಕೈಯಲ್ಲಿ ದ್ರಾಕ್ಷಿ, ಬಾಯಲ್ಲಿ ಮೂರು ವಾಕ್ಯ. ಜೊತೆಯವರಿಗೆ ಹೇಳಿಬಿಟ್ಟಿದ್ದೆ, “ಐದಕ್ಕ ಕೈ ತೊಳಕೊಂಡು ಚೀಲ ಹೆಗಲಿಗೆ ಹಾಕ್ರಿ. ಏನ ಬಂದ್ರೂ ನನಗ ಬರಲಿ.”

ಐದಕ್ಕೆ ಅವರೇ ನನ್ನ ಕಡೆ ಬಂದರು. ನಗುತ್ತಾ ಕೈಗಡಿಯಾರವನ್ನು ನನ್ನ ಮುಖಕ್ಕೆ ಹಿಡಿದು ಕೇಳಿದರು, “ಜಿಗುಮ್ ಮ್ಯೊತ್ ಶಿಯೇಯೊ?” ಪಾಠ ಮುಂದುವರಿದಿದೆ ಎಂದುಕೊಂಡಿದ್ದರು ಪಾಪ.

ನಾನು ನಗಲಿಲ್ಲ. ತಲೆಯನ್ನೂ ತಗ್ಗಿಸಲಿಲ್ಲ.

“ದಾಸೊತ್ ಶಿಯೇಯೊ. ದಾಸೊತ್ ಶಿ ಬಾನೆ ಬೊಸುಗಾ ವಾಯೊ. ಜಿಬೆ ಗಾಯಾ ಹೇಯೊ.”

ಅವರು ನನ್ನನ್ನು ನೋಡಿದರು. ನನ್ನ ಹಿಂದೆ ಚೀಲ ಹೆಗಲಿಗೇರಿಸಿ ನಿಂತ ಆರು ಮಂದಿಯನ್ನು ನೋಡಿದರು. ಏಳನೆಯವಳ ಖಾಲಿ ಜಾಗವನ್ನೂ ನೋಡಿರಬೇಕು, ಆ ಕಡೆ ಕಣ್ಣು ಒಂದು ಕ್ಷಣ ನಿಂತಿತು. ಆಮೇಲೆ ಅವರು ಹೋಗಿ ಮಶೀನಿನ ಗುಂಡಿ ಒತ್ತಿದರು. ಗದ್ದಲ ನಿಂತಿತು. ತಿರುಗಿ ಬಂದು, ಸೊಂಟದ ತನಕ ಬಾಗಿ, “ಮಿಯಾನ್ಹಾಮ್ನಿದಾ” ಎಂದರು. ಅದರ ಅರ್ಥ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇಷ್ಟು ದಿನ ಆ ಮನುಷ್ಯನಿಗೆ ನಮಗೊಂದು ಬಸ್ಸಿದೆ ಎನ್ನುವುದೇ ಗೊತ್ತಿರಲಿಲ್ಲ. ಮರ್ಯಾದೆಗೆ ಅಂಜಿ ನಾವು ಯಾರೂ ಹೇಳಿರಲಿಲ್ಲ. ಹೇಳಲು ಹಿಡಿದದ್ದು ಮೂರು ವಾಕ್ಯ.

ಐದೂವರೆಯ ಬಸ್ಸಿನಲ್ಲಿ ಕೂರಲು ಜಾಗವೂ ಸಿಕ್ಕಿತು. ತಿಕೋಟಾದಲ್ಲಿ ಟಮ್‌ಟಮ್ ನಿಂತಿತ್ತು. ನಾವು ಊರಿನಲ್ಲಿ ಇಳಿದಾಗ ಬಿಸಿಲು ಇನ್ನೂ ಗೋಡೆಗಳ ಮೇಲಿತ್ತು. ಅತ್ತೆ ಕಟ್ಟೆಯ ಮೇಲೆ ಎಂದಿನ ಜಾಗದಲ್ಲಿ ಕೂತಿದ್ದಳು. ನಿನ್ನೆಯ ಸಿಟ್ಟು ಇಳಿದಿರಲಿಲ್ಲ.

“ಟೈಮ್ ಎಷ್ಟಾತು?”

ನನ್ನ ಕಾಲು ಅಭ್ಯಾಸಬಲದಿಂದ ಬಾಗಿಲ ಕಡೆ ಹೊರಟಿತ್ತು. ನಿಲ್ಲಿಸಿದೆ. ತಿರುಗಿ ಅವಳ ಮುಂದೆ ನಿಂತು ಹೇಳಿದೆ, “ಆರೂ ಇಪ್ಪತ್ತೈದ್ರಿ ಅತ್ತಿ. ದೀಪ ಹಚ್ಚಾಕ ಇನ್ನ ಹೊತ್ತ ಐತ್ರಿ. ಇನ್ನ ಮುಂದ ದಿನಾ ಇಷ್ಟಕ್ಕ ಬರ್ತೀವ್ರಿ. ಹೇಳಿ ಬಂದೀನಿ.”

ಇಪ್ಪತ್ತಾರು ವರ್ಷದಲ್ಲಿ ಮೊದಲ ಉತ್ತರ. ಅವಳು ನನ್ನನ್ನು ದಿಟ್ಟಿಸಿ ನೋಡಿದಳು, ಆಮೇಲೆ ಗೋಡೆಯ ಮೇಲಿನ ಬಿಸಿಲನ್ನು ನೋಡಿದಳು. ಮೊಣಕಾಲಿಗೆ ಕೈ ಊರಿ ಎದ್ದು ಚಪ್ಪಲಿ ಮೆಟ್ಟಿದಳು.

“ಮತ್ತ ನಿಂತೀಯಾಕ? ನಡಿ, ಆ ಹುಡುಗಿ ಮನಿಗೆ ಹೋಗೂಣು. ಅಕಿ ಮಾವಗ ನಾನೂ ಟೈಮ್ ಹೇಳೂದೈತಿ.”